ನೆತ್ತರಿಗೆ ಬಿಟ್ಟ ಕಂದಾಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕೆರೆ ಏರಿಯ ಮೇಲೆ, ಊರ ಮುಂದಿನ ಗುಂಡುತೋಪಿನಲ್ಲಿ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡುವವರ ಕಣ್ಣು ಮೊದಲು ಚಿತ್ರಕ್ಕೆ ಹೋಗುತ್ತದೆ. ಬಿಲ್ಲೆತ್ತಿದ ಆಳು, ಎದುರಿಗೆ ಕುದುರೆ, ಪಕ್ಕದಲ್ಲಿ ಹೊಡೆದುಕೊಂಡು ಹೋದ ದನ. ಕಲ್ಲಿನಲ್ಲಿ ಅಕ್ಷರವಿದ್ದರೆ ಯಾವ ಅರಸನ ಕಾಲ, ಯಾರು ತುರು ಕವಿದರು, ಯಾರು ಕಾದಿ ಸತ್ತರು ಎಂಬಲ್ಲಿಗೆ ಓದು ನಿಂತುಬಿಡುತ್ತದೆ. ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಗಂಗ, ಬಾಣ, ನೊಳಂಬ, ವೈದುಂಬರ ಕಾಲದ ಇಂಥ ಕಲ್ಲುಗಳು ಅದರಲ್ಲಿ ದಂಡಿಯಾಗಿ ಸೇರಿದವು. ಅವುಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಸಾಲು. ಇಂಥ ಕೆರೆಯ ಕೆಳಗೆ ಇಷ್ಟು ಖಂಡುಗ ಮಣ್ಣನ್ನು ಕಲ್ನಾಡಾಗಿ ಕೊಟ್ಟರು ಎಂಬ ಆ ಸಾಲಿನಲ್ಲಿ ಶೌರ್ಯವಿಲ್ಲ, ಸ್ವರ್ಗವಿಲ್ಲ, ಲೆಕ್ಕವಿದೆ. ಗಾಯಗೊಂಡು ಮರಳಿದ ಸೈನಿಕನ ಮನೆಗೆ ತೆರಿಗೆ ಬಿಡಬೇಕೆ, ಬಿಟ್ಟರೆ ಎಷ್ಟು ಎಂದು ಇಂದು ನಾವು ಚರ್ಚಿಸುವಾಗ ಅದೊಂದು ಹೊಸ ಔದಾರ್ಯವೆಂಬ ಭಾವನೆ ಬೆರೆತಿರುತ್ತದೆ. ಈ ಸೀಮೆಯ ಕಲ್ಲುಗಳು ಬೇರೆ ಮಾತು ಹೇಳುತ್ತವೆ. ಯುದ್ಧಕ್ಕೆ ಹೋದವನ ಪಾಲಿನ ಕಂದಾಯ ಬಿಡುವುದು ಇಲ್ಲಿ ಸಾವಿರ ವರ್ಷದ ಹಿಂದೆಯೇ ಆಡಳಿತದ ಮಾಮೂಲಾಗಿತ್ತು, ಅದನ್ನು ದಾನವೆಂದಲ್ಲ, ಸಾಲ ತೀರಿಸುವುದೆಂದು ತಿಳಿಯಲಾಗಿತ್ತು ಎಂಬುದು ನನ್ನ ವಾದ. ಆ ವ್ಯವಸ್ಥೆ ಯಾರನ್ನು ಮರೆತಿತ್ತು ಎಂಬುದನ್ನೂ ಇದೇ ಕಲ್ಲುಗಳು ತೋರಿಸುತ್ತವೆ.

ಪದಗಳಿಂದ ಶುರುಮಾಡೋಣ. ಕಲ್ನಾಡು ಎಂದರೆ ಕಲ್ಲು ನೆಟ್ಟು ಬಿಟ್ಟ ನೆಲ. ಬಾಳ್ಗಚ್ಚು ಎಂದರೆ ಕತ್ತಿ ತೊಳೆದು ಕೊಟ್ಟದ್ದು. ಬಾಳ್ ಎಂದರೆ ಕತ್ತಿ, ಅದಕ್ಕಂಟಿದ ನೆತ್ತರನ್ನು ತೊಳೆಯುವ ವಿಧಿಯೊಡನೆ ಭೂಮಿಯೂ ಕೈಬದಲಾಗುತ್ತಿತ್ತು. ನೆತ್ತರುಕೊಡಗೆಯಂತೂ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಗಡಿಯ ಆಚೆ ತಮಿಳು ಶಾಸನಗಳಲ್ಲಿ ಇದೇ ಅರ್ಥಕ್ಕೆ ಉದಿರಪ್ಪಟ್ಟಿ ಎಂಬ ಮಾತಿದೆ, ಅಲ್ಲಿಯೂ ರಕ್ತವೇ ಬೆಲೆ. ಕೊಡಗೆ ಎಂಬುದು ಕಂದಾಯವಿಲ್ಲದ ಅಥವಾ ಹಗುರ ಕಂದಾಯದ ಭೂಮಿಗೆ ನಮ್ಮ ಹಳೆಯ ಹೆಸರು. ಕೆರೆ ಕಟ್ಟಿ ಕಾಪಾಡಿದವನಿಗೆ ಕಟ್ಟುಕೊಡಗೆ, ನೆತ್ತರು ಚೆಲ್ಲಿದವನ ಮನೆಗೆ ನೆತ್ತರುಕೊಡಗೆ. ಈ ಎರಡನ್ನೂ ಒಂದೇ ಪದದಿಂದ ಕರೆದದ್ದನ್ನು ಗಮನಿಸಬೇಕು. ಏರಿ ಒಡೆಯದಂತೆ ನೋಡಿಕೊಂಡವನೂ ಊರು ಒಡೆಯದಂತೆ ನಿಂತವನೂ ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲಿನವರು. ದೇವರಿಗೆ, ಬ್ರಾಹ್ಮಣರಿಗೆ ಕೊಟ್ಟಾಗ ಶಾಸನಗಳು ಪುಣ್ಯದ ಮಾತು ಎತ್ತುತ್ತವೆ, ಧಾರಾಪೂರ್ವಕ ಎನ್ನುತ್ತವೆ. ವೀರನಿಗೆ ಕೊಟ್ಟಾಗ ಆದ ಕೆಲಸವನ್ನು ಹೇಳಿ, ಅದಕ್ಕೆ ಸಂದ ಭೂಮಿಯನ್ನು ಹೇಳಿ ಸುಮ್ಮನಾಗುತ್ತವೆ.

ಇದು ಭೂಮಿಯ ಕೊಡುಗೆ, ತೆರಿಗೆಯ ರಿಯಾಯಿತಿ ಹೇಗಾದೀತು ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಅರಸನಿಗೆ ಆ ಮಣ್ಣಿನಲ್ಲಿದ್ದದ್ದು ಮುಖ್ಯವಾಗಿ ಬೆಳೆಯ ಪಾಲು, ಅಂದರೆ ತೆರೆ. ಭೂಮಿ ಬಿಟ್ಟೆನೆಂದರೆ ಬಹುಪಾಲು ಆ ಪಾಲನ್ನು ಬಿಟ್ಟೆನೆಂದೇ ಅರ್ಥ. ಶಾಸನದ ಕೊನೆಯ ಶಾಪವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಇದನ್ನು ಅಳಿದವನಿಗೆ ವಾರಣಾಸಿಯನ್ನೂ ಕವಿಲೆಯನ್ನೂ ಅಳಿದ ಪಾಪ ಬರಲಿ ಎಂಬ ಎಚ್ಚರಿಕೆ ಪಕ್ಕದ ಹೊಲದವನಿಗಿಂತ ಹೆಚ್ಚಾಗಿ ಮುಂದೆ ಬರುವ ಅರಸನಿಗೆ, ಅವನ ಅಧಿಕಾರಿಗೆ. ವಸೂಲಿಗೆ ಬರುವವನ ಭಯವಿಲ್ಲದಿದ್ದರೆ ಆ ಮಾತು ಬೇಕಾಗುತ್ತಿರಲಿಲ್ಲ. ಇನ್ನು ಕೋಲಾರದಂಥ ಸೀಮೆಯಲ್ಲಿ ಈ ಬಿಟ್ಟುಕೊಡುವಿಕೆಯ ತೂಕವೇ ಬೇರೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಪಾಲಾರ್ ಹೆಸರಿಗಷ್ಟೇ ನದಿ. ಮಳೆ ನೀರನ್ನು ಹಿಡಿದು ನಿಲ್ಲಿಸಿದ ಕೆರೆಗಳೇ ಬದುಕು. ಖುಷ್ಕಿ ಎಷ್ಟು ಬೇಕಾದರೂ ಇತ್ತು, ತರಿ ಮಾತ್ರ ಕೆರೆ ತೂಬಿನ ಕೆಳಗಿನ ಒಂದಿಷ್ಟು ಪಟ್ಟೆ. ಅರಸನ ಬೊಕ್ಕಸಕ್ಕೆ ಭತ್ತ ಬರುತ್ತಿದ್ದದ್ದು ಆ ಪಟ್ಟೆಯಿಂದಲೇ. ವೀರನ ಮನೆಗೆ ಹಾಗೆ ಕೆರೆಯ ಕೆಳಗೆ ಖಂಡುಗ ಲೆಕ್ಕದಲ್ಲಿ ಗದ್ದೆ ಬಿಟ್ಟದ್ದು ಬೇಡದ ಕಲ್ಲುಹೊಲವನ್ನು ದಾಟಿಸಿದ್ದಲ್ಲ. ಆದಾಯದಲ್ಲಿ ಹೆಚ್ಚು ನೋಯುವ ಜಾಗದಲ್ಲೇ ಕೈಬಿಟ್ಟದ್ದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇವೆಲ್ಲ ಗಾವುಂಡರಿಗೆ, ಸಾಮಂತರಿಗೆ ಸಂದ ಬಹುಮಾನ, ಸಾಮಾನ್ಯ ಆಳಿಗೆ ಏನು ಸಿಕ್ಕೀತು ಎಂಬುದು. ಬೇಗೂರಿನ ಪ್ರಸಿದ್ಧ ಕಲ್ಲನ್ನು ನೋಡಿದರೆ ಹಾಗೆಯೇ ಅನಿಸುತ್ತದೆ. ಗಂಗ ಎರೆಯಪ್ಪನ ಕಡೆಯಿಂದ ನೊಳಂಬರೊಡನೆ ತುಂಬೆಪಾಡಿಯಲ್ಲಿ ಕಾದಿ ನಾಗತ್ತರ ಸತ್ತಾಗ, ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಹನ್ನೆರಡು ಹಳ್ಳಿ ಬಡವನ ಪಾಲಲ್ಲ. ಆತಕೂರಿನಲ್ಲಿಯೂ ಹಾಗೆಯೇ: ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನ ಜೊತೆ ನಿಂತು ಬದುಕಿ ಬಂದ ಮಣಲೆರನಿಗೆ ಕ್ರಿ.ಶ. 950ರ ಸುಮಾರಿಗೆ ಆತಕೂರು ಹನ್ನೆರಡು, ಬೆಳ್ವೊಲದ ಕೋಟೆಯೂರು ಬಾಳ್ಗಚ್ಚಾಗಿ ಬಂದವು. ಆದರೆ ಈ ಎರಡು ಕಲ್ಲುಗಳು ಎಲ್ಲರಿಗೂ ಗೊತ್ತಿರುವುದೇ ಅವು ದೊಡ್ಡವರವಾದ್ದರಿಂದ. ಕೋಲಾರ ಸೀಮೆಯ ರಾಶಿಯಲ್ಲಿ ಹನ್ನೆರಡು ಹಳ್ಳಿಯ ಮಾತು ಅಪರೂಪ. ಅಲ್ಲಿ ಕಾಣುವುದು ಖಂಡುಗ, ಕೊಳಗ. ಇಪ್ಪತ್ತು ಕೊಳಗ ಬೀಜ ಹಿಡಿಯುವ ನೆಲ ಒಂದು ಖಂಡುಗ. ಅದು ಒಂದು ಮನೆ ಉಣ್ಣುವ ಅಳತೆ, ಒಬ್ಬ ಒಡೆಯ ಮೆರೆಯುವ ಅಳತೆಯಲ್ಲ. ಬೇಗೂರಿನ ಇನ್ನೊಂದು ಕಲ್ಲು, ಬೆಂಗಳೂರೆಂಬ ಹೆಸರು ಮೊದಲು ಕಾಣುವ ಕಲ್ಲು, ಬೆಂಗಳೂರು ಕಾಳಗದಲ್ಲಿ ಬಿದ್ದ ನಾಗತ್ತರನ ಮಗನನ್ನೂ ಅವನ ಮನೆಯ ಆಳನ್ನೂ ಒಂದೇ ಬರಹದಲ್ಲಿ ಹೆಸರಿಸುತ್ತದೆ. ಮೇಲುಕೀಳು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ನೆತ್ತರಿನ ಲೆಕ್ಕ ಬರೆಯುವಾಗ ಅದು ಕೆಳಗಿನವರೆಗೂ ಇಳಿಯುತ್ತಿತ್ತು ಎನ್ನುವುದಷ್ಟೇ ನನ್ನ ಮಾತು.

ಕೊಡಗೆಯ ಬೆಲೆ ತಿಳಿಯಬೇಕಾದರೆ ಅದು ಹಿಂದೆ ಸರಿದ ಕಾಲವನ್ನು ಪಕ್ಕಕ್ಕಿಟ್ಟು ನೋಡಬೇಕು. ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದಾಗ ಸೈನ್ಯದ ಭೂಮಿ ಅಮರನಾಯಕರ ಕೈಗೆ ಹೋಯಿತು. ಆಮೇಲೆ ಬಿಜಾಪುರದವರು, ಮೊಗಲರು ಬಂದಾಗ ಜಹಗೀರು ಬಂತು. ಇವೆರಡೂ ಸೇವೆ ನಡೆಯುವ ತನಕದ ಭೂಮಿ. ಆಳು ಸತ್ತರೆ ಭೂಮಿಯೂ ಹೋಯಿತು. ಇದಕ್ಕೆ ಕೋಲಾರಕ್ಕಿಂತ ಹತ್ತಿರದ ನಿದರ್ಶನ ಬೇಡ. ಕೋಲಾರದ ಫೌಜುದಾರನಾಗಿದ್ದ ಫತೇ ಮಹಮ್ಮದನಿಗೆ ಬೂದಿಕೋಟೆ ಜಹಗೀರಾಗಿತ್ತು. ಅವನು ಒಡೆಯನಿಗಾಗಿ ಕಾದಿ ಸತ್ತ. ಸತ್ತವನ ಮನೆಗೆ ಸಂದದ್ದೇನು? ಆ ಒಡೆಯನ ಮನೆತನದವನೇ ಆದ ಅಬ್ಬಾಸ್ ಕುಲಿ ಖಾನ್ ದೊಡ್ಡಬಳ್ಳಾಪುರದಲ್ಲಿ, ಸತ್ತವನಿಂದ ಬಾಕಿ ಬರಬೇಕೆಂಬ ನೆಪ ಹೇಳಿ, ವಿಧವೆಯ ಆಸ್ತಿಯನ್ನೆಲ್ಲ ದೋಚಿ, ಇಬ್ಬರು ಎಳೆಯ ಮಕ್ಕಳಿಗೆ ಹಿಂಸೆ ಕೊಟ್ಟನೆಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಆ ಮಕ್ಕಳಲ್ಲೊಬ್ಬ ಹೈದರ. ಕೋಲಾರ ಪಟ್ಟಣದಲ್ಲಿ ಇಂದಿಗೂ ಇರುವ ಫತೇ ಮಹಮ್ಮದನ ಮಕ್ಬರಾ ಮಗ ದೊಡ್ಡವನಾದ್ದರಿಂದ ಉಳಿದ ನೆನಪು. ಅದೇ ಸೀಮೆಯಲ್ಲಿ ಎಂಟು ನೂರು ವರ್ಷ ಮೊದಲು ದನ ಬಿಡಿಸಲು ಹೋಗಿ ಸತ್ತ ಆಳಿನ ಮಗ ಕೆರೆಯ ಕೆಳಗೆ ಖಂಡುಗ ಗದ್ದೆಯೊಡನೆ, ಅದಕ್ಕೆ ಸಾಕ್ಷಿಯಾದ ಕಲ್ಲಿನೊಡನೆ ಉಳಿದಿದ್ದ.

ಹಾಗಾದರೆ ಆ ಪದ್ಧತಿ ನಿಂತದ್ದೇಕೆ, ನಿಲ್ಲಿಸಿದ್ದು ಸರಿಯೆ? ಇಲ್ಲಿ ನಾನು ಎದುರು ವಾದಿಗಳಿಗೆ ಬಹಳಷ್ಟು ಬಿಟ್ಟುಕೊಡಬೇಕಾಗುತ್ತದೆ. ಕೊಡಗೆ ಚಂದ್ರಾರ್ಕ ಇರುವ ತನಕದ್ದು. ಮೊದಲ ತಲೆಮಾರಿಗೆ ಅದು ನೆತ್ತರಿನ ಪರಿಹಾರ. ಹತ್ತನೆಯ ತಲೆಮಾರಿಗೆ ಕಾರಣವೇ ಮರೆತ ಸವಲತ್ತು. ಮೈಸೂರು ಸಂಸ್ಥಾನದ ಹೊತ್ತಿಗೆ ಉಂಬಳಿ, ಮಾನ್ಯ, ಜೋಡಿ, ಕಾಯಂಗುತ್ತ ಎಂದು ನೂರು ಬಗೆಯ ಇನಾಮು ಬೆಳೆದು, ಪೂರ್ತಿ ಬಿಟ್ಟದ್ದು ಸರ್ವಮಾನ್ಯ, ಅರ್ಧ ಬಿಟ್ಟದ್ದು ಅರ್ಧಮಾನ್ಯ ಎಂದು ದರ್ಜೆ ಕಟ್ಟಿ, ಉಳುವವನೊಬ್ಬ, ಉಣ್ಣುವವನೊಬ್ಬ ಎಂಬಂತಾಗಿತ್ತು. ಹತ್ತೊಂಬತ್ತನೆಯ ಶತಮಾನದ ಇನಾಮು ಕಮಿಷನ್ ದಾಖಲೆ ಕೇಳಿತು, ಕೆಲವಕ್ಕೆ ಹಗುರ ಕಂದಾಯ ಕಟ್ಟಿ ಖಾಯಂ ಮಾಡಿತು. 1954ರ ಮೈಸೂರು ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿ ಕಾಯಿದೆ ಅವನ್ನು ತೊಡೆದುಹಾಕಿ ಉಳುವವನಿಗೆ ಹಕ್ಕಿನ ದಾರಿ ಮಾಡಿತು. ಅದು ನ್ಯಾಯವಾದ ಕೆಲಸ. ವಾರಣಾಸಿಯ ಶಾಪ ತಟ್ಟಬೇಕಾದ ಕೆಲಸವಲ್ಲ. ಆದರೆ ತಪ್ಪು ಇದ್ದದ್ದು ಕೊನೆಯಿಲ್ಲದ ಅವಧಿಯಲ್ಲಿ, ಮೂಲದ ಋಣದಲ್ಲಿ ಅಲ್ಲ. ಗಾಯಗೊಂಡವನ ಆಯುಷ್ಯಕ್ಕೆ, ಅವನ ಹೆಂಡತಿಯ ಆಯುಷ್ಯಕ್ಕೆ, ಅವರು ವಾಸವಿರುವ ಒಂದು ಮನೆಗೆ ಮಿತಿ ಹಾಕಿದರೆ ಮೊಮ್ಮಗ ಜೋಡಿದಾರನಾಗುವ ಭಯವಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಶೇ. 100ರಷ್ಟು ಅಂಗವೈಕಲ್ಯವೆಂದು ನಿಗದಿಯಾದ ಮಾಜಿ ಸೈನಿಕನ ವಾಸದ ಮನೆಗೆ ಆಸ್ತಿ ತೆರಿಗೆ ಪೂರ್ತಿ ಮಾಫಿ, ಅದಕ್ಕಿಂತ ಕಡಿಮೆಯಾದರೆ ಪ್ರಮಾಣಕ್ಕೆ ತಕ್ಕಂತೆ ರಿಯಾಯಿತಿ. ನಮ್ಮ ಹಳೆಯ ಮಾತಿನಲ್ಲಿ ಸರ್ವಮಾನ್ಯ, ಅರ್ಧಮಾನ್ಯ. ಅಳತೆಗೋಲು ಮಾತ್ರ ಹುಟ್ಟಲ್ಲ, ಗಾಯ.

ಗಾಯ ಎಂದಾಗಲೇ ಕೋಲಾರದ ಕಲ್ಲುಗಳ ದೊಡ್ಡ ಕೊರತೆ ಎದ್ದು ಕಾಣುವುದು. ಅವು ಸತ್ತವರ ಕಲ್ಲುಗಳು. ಆತಕೂರಿನ ಮಣಲೆರನಂತೆ ಬದುಕಿ ಬಂದು ಕೊಡಗೆ ಪಡೆದವರು ಇದ್ದಾರೆ, ಅವರೂ ಗೆದ್ದು ಬಂದವರು. ಬಾಣ ನಾಟಿ ಕಾಲು ಕುಂಟಾದವನು, ತುರುಗಾಳಗದಲ್ಲಿ ಕೈ ಕಳೆದುಕೊಂಡು ಉಳಲಾಗದೆ ಇಪ್ಪತ್ತು ವರ್ಷ ಮನೆ ಜಗುಲಿಯಲ್ಲಿ ಕುಳಿತವನು ಎಲ್ಲಿ? ಒಂದೊಂದು ಸಾವಿನ ಜೊತೆ ಹಲವು ಗಾಯಗಳಾದರೂ ಆಗಿರಲೇಬೇಕು. ಅವರನ್ನು ಕೆತ್ತಲು ಶಿಲ್ಪಿಗೆ ಮಾದರಿಯಿರಲಿಲ್ಲ, ಅಪ್ಸರೆಯರು ಅವರನ್ನು ಎತ್ತಿಕೊಂಡು ಹೋಗುವಂತಿರಲಿಲ್ಲ. ಹೆಂಗಸರ ಪಾಡೂ ಇದೇ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರಿನಲ್ಲೇ ಮಹಾಸತಿ ಇದ್ದಾಳೆ. ಗಂಡನೊಡನೆ ಸತ್ತವಳ ಹೆಸರಲ್ಲಿ ಊರೇ ಆಯಿತು. ಸಾಯದೆ ಉಳಿದು ಆ ಖಂಡುಗ ಗದ್ದೆಗೆ ನೀರು ಕಟ್ಟಿ, ನಾಟಿ ಮಾಡಿ, ಮಕ್ಕಳನ್ನು ಬೆಳೆಸಿದವಳಿಗೆ ಕಲ್ಲಿಲ್ಲ. ಕೊಡಗೆ ಮಗನ ಹೆಸರಿಗೆ, ತಮ್ಮನ ಹೆಸರಿಗೆ ಹೋದದ್ದೇ ಹೆಚ್ಚು. ಇಂದಿನ ಕಾನೂನು ಹಳೆಯ ಪದ್ಧತಿಗಿಂತ ನಿಜವಾಗಿ ಮುಂದೆ ಹೋಗಿರುವುದಾದರೆ ಈ ಇಬ್ಬರನ್ನು, ಬದುಕಿ ಉಳಿದ ಗಾಯಾಳುವನ್ನೂ ಅವನ ಹೆಂಡತಿಯನ್ನೂ, ಹೆಸರು ಹಿಡಿದು ಕರೆದದ್ದರಲ್ಲಿ. ಅಲ್ಲಿಯೂ ಹಿಂಜರಿಕೆ ಮುಗಿದಿಲ್ಲ. ಅಂಗವೈಕಲ್ಯ ಪಿಂಚಣಿಗೆ ಇದ್ದ ಆದಾಯ ತೆರಿಗೆ ವಿನಾಯಿತಿ ಗಾಯದಿಂದ ಸೇವೆಯನ್ನೇ ಬಿಡಬೇಕಾದವರಿಗೆ ಮಾತ್ರ, ಗಾಯವನ್ನು ಹೊತ್ತೇ ಸೇವೆ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2019ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕಾಲಿನಲ್ಲಿ ಲೋಹದ ಚೂರು ಇಟ್ಟುಕೊಂಡು ಇನ್ನೂ ಹದಿನೈದು ವರ್ಷ ದುಡಿದವನ ನೆತ್ತರು ಕಡಿಮೆ ಬೆಲೆಯದು ಎಂಬ ಈ ತರ್ಕವನ್ನು ನಾನು ಒಪ್ಪಲಾರೆ.

ಉಳಿದದ್ದು ಹಣದ ಪ್ರಶ್ನೆ. ಎಲ್ಲಕ್ಕಿಂತ ಕಷ್ಟದ ಆಕ್ಷೇಪವೂ ಅದೇ. ಮನೆಯ ತೆರಿಗೆ ಪುರಸಭೆಯದು, ಗ್ರಾಮ ಪಂಚಾಯ್ತಿಯದು. ಸೈನಿಕ ದುಡಿದದ್ದು ಇಡೀ ದೇಶಕ್ಕೆ. ಸಿಯಾಚಿನ್‌ನಲ್ಲಿ ಹಿಮ ಕಚ್ಚಿ ಬೆರಳು ಕಳೆದುಕೊಂಡವನ ಋಣವನ್ನು ಶ್ರೀನಿವಾಸಪುರದ ಪುರಸಭೆ ತನ್ನ ಬೀದಿದೀಪದ, ಚರಂಡಿಯ ದುಡ್ಡಿನಿಂದ ಏಕೆ ತೀರಿಸಬೇಕು? ಗಂಗರ ಕಾಲದಲ್ಲಿ ಈ ತೊಡಕಿರಲಿಲ್ಲ, ಏಕೆಂದರೆ ಬಿಡಿಸಿ ತಂದ ದನ ಆ ಊರಿನದೇ, ಬಿಟ್ಟ ಗದ್ದೆಯೂ ಆ ಊರ ಕೆರೆಯ ಕೆಳಗಿನದೇ. ಲಾಭ ಪಡೆದವರೇ ಬೆಲೆ ತೆತ್ತರು. ದೂರದ ಯುದ್ಧಗಳಿಗೆ ದೂರದ ಬೊಕ್ಕಸವೇ ಬೇಕೆಂದು ರೋಮಿನ ಅಗಸ್ಟಸ್ ಕ್ರಿ.ಶ. 6ರಲ್ಲೇ ಕಂಡುಕೊಂಡಿದ್ದ. ಅದಕ್ಕೆ ಮೊದಲು ನಿವೃತ್ತ ಸೈನಿಕರಿಗೆ ಕೊಡಲೆಂದು ಇಟಲಿಯ ರೈತರ ಹೊಲಗಳನ್ನೇ ಕಿತ್ತುಕೊಂಡ ಕೆಟ್ಟ ಅನುಭವವಾದ ಮೇಲೆ, ಅವನು ಸೈನಿಕರಿಗೆಂದೇ ಬೇರೆ ಖಜಾನೆ ತೆರೆದು, ಪಿತ್ರಾರ್ಜಿತದ ಮೇಲೆ ಶೇ. 5 ತೆರಿಗೆ ಹಾಕಿ ಅದನ್ನು ತುಂಬಿಸಿದ. ನಮ್ಮಲ್ಲಿಯೂ ದಾರಿ ಇದೇ: ರಿಯಾಯಿತಿ ಊರಿನ ಖಾತೆಯಲ್ಲಿಯೇ ಕಾಣಲಿ, ಅದರಿಂದ ಪುರಸಭೆಗೆ ಕಡಿಮೆಯಾದ ಹಣವನ್ನು ರಾಜ್ಯವೋ ಕೇಂದ್ರವೋ ತುಂಬಿಕೊಡಲಿ. ಅಷ್ಟನ್ನೂ ಪಿಂಚಣಿಗೇ ಸೇರಿಸಿ ಕೊಟ್ಟರೆ ಸಾಲದೆ ಎಂದರೆ, ಸಾಲದು. ಪಿಂಚಣಿ ಬ್ಯಾಂಕಿಗೆ ಸದ್ದಿಲ್ಲದೆ ಬಂದು ಬೀಳುತ್ತದೆ, ನೆರೆಯವರಿಗೆ ತಿಳಿಯುವುದಿಲ್ಲ. ಕಲ್ನಾಡಿನ ಕಲ್ಲನ್ನು ಅರಮನೆಯ ಕಡತದಲ್ಲಿಡದೆ ಊರವರು ದಿನಾ ನೀರಿಗೆ ಹೋಗುವ ಏರಿಯ ಮೇಲೆ ನೆಟ್ಟವರಿಗೆ ಈ ವ್ಯತ್ಯಾಸ ಗೊತ್ತಿತ್ತು.