ಮನೆಯಲ್ಲೇ ಮದ್ದು

ಕ್ಷಯ ಎಂಬ ಹೆಸರನ್ನು ನಮ್ಮ ಹಿರಿಯರು ಗಟ್ಟಿಯಾಗಿ ಹೇಳುತ್ತಿರಲಿಲ್ಲ. 'ಅವನಿಗೆ ಎದೆ ಸರಿಯಿಲ್ಲವಂತೆ' ಎಂದರೆ ಸಾಕು, ಕೇಳಿದವರಿಗೆ ಅರ್ಥವಾಗುತ್ತಿತ್ತು. ಹೋಟೆಲು ಕೆಲಸಕ್ಕೋ ಗುಮಾಸ್ತಿಕೆಗೋ ಮುಂಬಯಿಗೆ ಬಂದ ಹುಡುಗ ಕೆಮ್ಮುತ್ತ ಊರಿಗೆ ಮರಳಿದನೆಂದರೆ, ಅವನ ತಟ್ಟೆ ಲೋಟ ಬೇರೆಯಾಗುತ್ತಿದ್ದವು. ಅವನ ತಂಗಿಯರ ಮದುವೆಯ ಮಾತುಕತೆ ಅಲ್ಲಿಗೇ ನಿಲ್ಲುತ್ತಿತ್ತು. ಆದ್ದರಿಂದಲೇ ಎಷ್ಟೋ ಮಂದಿ ಊರಿಗೆ ಕಾಗದ ಬರೆಯುವಾಗ ಕಾಯಿಲೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹತ್ತು ಜನ ಮಲಗುವ ಚಾಳಿನ ಖೋಲಿಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು, ಅದು ಬೇರೆ ಮಾತು.

ಆಗಿನ ಚಿಕಿತ್ಸೆಯೆಂದರೆ ಮುಖ್ಯವಾಗಿ ಸ್ಯಾನಿಟೋರಿಯಂ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಪೂರ್ಣ ವಿಶ್ರಾಂತಿ. ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ಸ್ಯಾನಿಟೋರಿಯಂ, ಇದೇ ರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತಿತು. ಕ್ಷಯ ಅರಮನೆಗೂ ಗುಡಿಸಲಿಗೂ ಭೇದ ಎಣಿಸುತ್ತಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಉತ್ತರ ಕರ್ನಾಟಕದವರು ಮೀರಜಿನ ವಾನ್ಲೆಸ್‌ವಾಡಿಯನ್ನು, ಮದರಾಸಿನ ಕಡೆಯವರು ತಾಂಬರಂ ಅಥವಾ ಮದನಪಲ್ಲಿಯನ್ನು ನೆನೆಯುತ್ತಿದ್ದರು.

ವಿಶ್ರಾಂತಿಯಿಂದ ಗುಣವಾಗದವರ ಪಾಡನ್ನು ಇಂದಿನ ತರುಣರು ಊಹಿಸಲಾರರು. ಕೈಕಾಲು ಮುರಿದರೆ ಕಟ್ಟು ಹಾಕಿ ಅಲುಗಾಡದಂತೆ ಇಡುತ್ತೇವಲ್ಲ, ಹಾಗೆಯೇ ಹುಣ್ಣಾದ ಶ್ವಾಸಕೋಶವನ್ನೂ ಅಲುಗಾಡದಂತೆ ಇಟ್ಟರೆ ಮಾಯುತ್ತದೆ ಎಂಬುದು ಅಂದಿನ ವೈದ್ಯರ ತರ್ಕ. ಇಟಲಿಯ ಫೋರ್ಲಾನಿನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟ ದಾರಿ ಇದು. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಎದೆಗೂಡಿನೊಳಕ್ಕೆ ಗಾಳಿ ತುಂಬುತ್ತಿದ್ದರು. ಶ್ವಾಸಕೋಶ ಕುಗ್ಗಿ ಕೂರುತ್ತಿತ್ತು. ಆ ಗಾಳಿ ಕ್ರಮೇಣ ಮೈಯೊಳಗೆ ಹೀರಿಹೋಗುವುದರಿಂದ ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ತುಂಬಬೇಕು. ಹೀಗೆ ಎರಡು-ಮೂರು ವರ್ಷ! ಇದೂ ಸಾಗದಿದ್ದರೆ ಶಸ್ತ್ರಕ್ರಿಯೆ. ಒಂದು ಪಕ್ಕದ ಹಲವು ಪಕ್ಕೆಲುಬುಗಳನ್ನು ಕತ್ತರಿಸಿ ತೆಗೆದು ಎದೆಯ ಗೋಡೆಯನ್ನೇ ಒಳಕ್ಕೆ ಕುಸಿಯಗೊಡುವುದು. ಒಂದೇ ಸಲಕ್ಕೆ ರೋಗಿ ತಾಳಲಾರನೆಂದು ಎರಡು-ಮೂರು ಕಂತುಗಳಲ್ಲಿ ಮಾಡುತ್ತಿದ್ದರು, ಅದೂ ಅನೇಕ ವೇಳೆ ಆ ಭಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ. ಬದುಕಿ ಬಂದವರ ಒಂದು ಭುಜ ಜೀವಮಾನವಿಡೀ ಕುಸಿದೇ ಇರುತ್ತಿತ್ತು. ಆ ವೈದ್ಯರನ್ನು ಕ್ರೂರಿಗಳೆನ್ನುವುದು ಸುಲಭ. ಆದರೆ ಕೈಯಲ್ಲಿ ಮದ್ದೇ ಇಲ್ಲದಾಗ ಅವರು ಇನ್ನೇನು ಮಾಡಬಹುದಿತ್ತು?

ಮದ್ದು ಬಂದದ್ದು ಮಣ್ಣಿನಿಂದ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯ ಆಲ್ಬರ್ಟ್ ಶಾಟ್ಸ್ ಎಂಬ ತರುಣ ವಿದ್ಯಾರ್ಥಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದ. 1952ರ ನೊಬೆಲ್ ಬಹುಮಾನ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಕೊನೆಗೆ ಮದ್ದು ಪಡೆದ 55 ಮಂದಿಯಲ್ಲಿ 4 ಜನ, ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಜನ ತೀರಿಕೊಂಡಿದ್ದರು. ಜಗತ್ತೇ ಹಿಗ್ಗಿತು. ಆದರೆ ಐದು ವರ್ಷ ಕಳೆದು ಲೆಕ್ಕ ಹಾಕಿದಾಗ ಎರಡು ಗುಂಪುಗಳ ಸಾವುಗಳು 32 ಮತ್ತು 35. ರೋಗಾಣುಗಳು ಒಂದೇ ಮದ್ದಿಗೆ ಬೇಗ ಒಗ್ಗಿಹೋಗುತ್ತಿದ್ದವು. ಸ್ವೀಡನ್ನಿನ ಲೇಮನ್ ಕಂಡುಹಿಡಿದ ಪಿ.ಎ.ಎಸ್. ಜೊತೆಗೂಡಿದಾಗ ಈ ತೊಡಕು ಸಡಿಲಿತು. 1952ರಲ್ಲಿ ಐಸೊನಿಯಜಿಡ್ ಬಂತು. 1912ರಲ್ಲಿಯೇ ಪ್ರಾಗ್ ನಗರದಲ್ಲಿ ತಯಾರಾಗಿದ್ದ ಆ ರಾಸಾಯನಿಕದ ಗುಣವನ್ನು ನಲವತ್ತು ವರ್ಷ ಯಾರೂ ನೋಡಿರಲಿಲ್ಲ. ಅಗ್ಗದ ಮಾತ್ರೆ, ಸೂಜಿಯ ಹಂಗಿಲ್ಲ. ನಮ್ಮಂಥ ಬಡದೇಶಕ್ಕೆ ಬೇಕಾದದ್ದು ಅದೇ.

ಆದರೂ ಪ್ರಶ್ನೆ ಉಳಿಯಿತು: ಮದ್ದು ಕೊಡುವುದೆಲ್ಲಿ? 1955-58ರ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ ಎಕ್ಸ್-ರೇ ಪ್ರಕಾರ ಸಾವಿರ ಜನರಲ್ಲಿ 13ರಿಂದ 25 ಮಂದಿಗೆ ರೋಗವಿರುವುದು ಕಂಡಿತು. ಹಳ್ಳಿಗಳಲ್ಲೂ ಅದು ಪಟ್ಟಣಗಳಷ್ಟೇ ಇತ್ತು. 'ಮುಂಬಯಿಯ ಹೊಗೆ ಕುಡಿದು ತಂದುಕೊಂಡ' ಎಂದು ಊರಿನವರು ಆಡುತ್ತಿದ್ದ ಮಾತು ಅರ್ಧಸತ್ಯವೆಂದು ಅಲ್ಲಿಗೆ ತಿಳಿದಂತಾಯಿತು. ಅಷ್ಟು ಜನಕ್ಕೆ ಸ್ಯಾನಿಟೋರಿಯಂಗಳಲ್ಲಿ ಮಂಚಗಳನ್ನು ಎಲ್ಲಿಂದ ತರುವುದು? ಮನೆಯಲ್ಲೇ ಇಟ್ಟು ಚಿಕಿತ್ಸೆ ಕೊಟ್ಟರೆ ಹೆಂಡತಿ ಮಕ್ಕಳ ಗತಿಯೇನು?

ಇದಕ್ಕೆ ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನೆಯ ಕೇಂದ್ರವೊಂದು ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್, ಈ ನಾಲ್ವರೂ ಕೈಗೂಡಿಸಿದರು. ನಡೆಸಿದವರು ವಾಲೇಸ್ ಫಾಕ್ಸ್ ಎಂಬ ಆಂಗ್ಲ ವೈದ್ಯರು ಮತ್ತು ಅವರ ಭಾರತೀಯ ಸಹೋದ್ಯೋಗಿಗಳು. ನಗರದ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಿಟೋರಿಯಂಗೆ, ಇನ್ನೊಂದನ್ನು ಅವರವರ ಮನೆಗೇ ಕಳಿಸಿದರು. ಇಬ್ಬರಿಗೂ ಒಂದೇ ಮದ್ದು: ಒಂದು ವರ್ಷ ದಿನವೂ ಐಸೊನಿಯಜಿಡ್ ಮತ್ತು ಪಿ.ಎ.ಎಸ್. ಈ ಪಿ.ಎ.ಎಸ್. ದಿನಕ್ಕೆ ಸುಮಾರು ಹತ್ತು ಗ್ರಾಂ ನುಂಗಬೇಕಿತ್ತು. ಹೊಟ್ಟೆ ತೊಳಸುವ ಮದ್ದು. ಮನೆಯವರು ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಒಯ್ಯುತ್ತಿದ್ದರು. ನಿಜವಾಗಿ ನುಂಗುತ್ತಾರೋ ಇಲ್ಲವೋ ಎಂದು ಮೂತ್ರಪರೀಕ್ಷೆ ಮಾಡುವುದು, ಹೇಳದೆ ಕೇಳದೆ ಮನೆಗೆ ಹೋಗಿ ಉಳಿದ ಮದ್ದನ್ನು ಎಣಿಸುವುದು, ಇವೆಲ್ಲ ನಡೆದವು. ಅತ್ತೆ ಸೊಸೆಯನ್ನು ಪರೀಕ್ಷಿಸಿದ ಹಾಗೆ!

ಸ್ಯಾನಿಟೋರಿಯಂನವರಿಗೆ ಪುಷ್ಟಿಕರ ಆಹಾರ, ಹಾಸಿಗೆ, ದಾದಿಯರು. ಮನೆಯವರಿಗೆ ಇಕ್ಕಟ್ಟಾದ ಖೋಲಿ, ಅರೆಹೊಟ್ಟೆ ಊಟ. ಯಾರು ಗೆಲ್ಲುತ್ತಾರೆಂದು ಪಂಥ ಕಟ್ಟುವ ಅಗತ್ಯವೇ ಇಲ್ಲವೆಂದು ತೋರುತ್ತಿತ್ತು. 1959ರಲ್ಲಿ ವರದಿ ಪ್ರಕಟವಾಯಿತು. ವರ್ಷದ ಕೊನೆಗೆ ರೋಗ ಅಡಗಿದವರು ಸ್ಯಾನಿಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಸ್ಯಾನಿಟೋರಿಯಂನವರು ಮೈಯಲ್ಲಿ ಹೆಚ್ಚು ತುಂಬಿಕೊಂಡಿದ್ದರು, ನಿಜ. ಆದರೆ ರೋಗವನ್ನು ಸೋಲಿಸಿದ್ದು ಹಾಲು ಮೊಟ್ಟೆಯಲ್ಲ, ಮಾತ್ರೆ.

ನಮ್ಮ ಮಟ್ಟಿಗೆ ಇದಕ್ಕಿಂತಲೂ ದೊಡ್ಡ ಫಲಿತಾಂಶ ಮನೆಮಂದಿಯದು. ಎರಡೂ ಪಾಲಿನ ಕುಟುಂಬಗಳನ್ನು ಐದು ವರ್ಷಗಳವರೆಗೆ ನೋಡಿಕೊಂಡು ಬಂದರು. ರೋಗಿಯೊಡನೆ ಒಂದೇ ಸೂರಿನಡಿ ಇದ್ದವರಿಗೆ, ರೋಗಿಯನ್ನು ದೂರ ಕಳಿಸಿದವರಿಗಿಂತ ಹೆಚ್ಚಾಗಿ ರೋಗ ತಗಲಲಿಲ್ಲ. ಅಪಾಯವೆಲ್ಲ ರೋಗ ಗೊತ್ತಾಗುವ ಮೊದಲಿನ ತಿಂಗಳುಗಳಲ್ಲಿತ್ತು. ಮದ್ದು ಹೊಟ್ಟೆ ಸೇರಿದ ಮೇಲೆ ಅಂಟುವ ಶಕ್ತಿ ಬೇಗ ಕುಂದುತ್ತಿತ್ತು. ತಟ್ಟೆ ಲೋಟ ಬೇರೆ ಮಾಡಿದ್ದು, ಮಗುವನ್ನು ತಾಯಿಯಿಂದ ಕಿತ್ತು ಅಜ್ಜಿಯ ಮನೆಗೆ ಕಳಿಸಿದ್ದು ಇವೆಲ್ಲ ಎಷ್ಟು ಮನೆಗಳಲ್ಲಿ ನಡೆದಿಲ್ಲ! ಆ ವರದಿ ಹತ್ತು ವರ್ಷ ಮೊದಲೇ ಬಂದಿದ್ದರೆ ಎನಿಸುತ್ತದೆ. ಆದರೆ ಹತ್ತು ವರ್ಷ ಮೊದಲು ಆ ಮಾತ್ರೆಯೇ ಇರಲಿಲ್ಲ.

ಎಲ್ಲ ವೈದ್ಯರೂ ಇದನ್ನು ಕೂಡಲೇ ಒಪ್ಪಲಿಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿಕೊಂಡವರಿಗೆ ಒಪ್ಪುವುದು ಕಷ್ಟವೂ ಆಗಿದ್ದೀತು. ಹೊರದೇಶಗಳಲ್ಲಿ ಮಾತ್ರ ಸ್ಯಾನಿಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು. ಮದರಾಸಿನ ಕೇಂದ್ರ ಮುಂದೆ, ಆರೋಗ್ಯಕಾರ್ಯಕರ್ತರ ಕಣ್ಣೆದುರಿಗೇ ವಾರಕ್ಕೆರಡು ಬಾರಿ ಮದ್ದು ಕೊಡುವ ಕ್ರಮವನ್ನೂ ಪರೀಕ್ಷಿಸಿ ತೋರಿಸಿತು. ಚೆನ್ನೈಯಲ್ಲಿ ಅದು ಬೇರೆ ಹೆಸರಿನಿಂದ ಇಂದಿಗೂ ಕೆಲಸ ಮಾಡುತ್ತಿದೆ.

ಇತ್ತ ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದ ಲೇಖನ ಈ ಕಥೆಯ ಇನ್ನರ್ಧ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಮನೆಮನೆಗೆ ಹೋಗಿ ಹುಡುಕಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ವಾಸ್ತವದಲ್ಲಿ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮು ಜ್ವರವೆಂದು ತಾವಾಗಿಯೇ ಆಸ್ಪತ್ರೆ, ದವಾಖಾನೆಗಳಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಮಿಕ್ಸ್ಚರಿನ ಒಂದು ಬಾಟಲಿ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಸಾಮಾನ್ಯ ದವಾಖಾನೆಗಳಲ್ಲೇ ಇಂಥವರ ಕಫವನ್ನು ಸೂಕ್ಷ್ಮದರ್ಶಕದಡಿ ನೋಡಿ, ಮದ್ದು ಕೈಗಿತ್ತು ಮನೆಗೆ ಕಳಿಸುವ ಏರ್ಪಾಟು ಮಾಡಿತು.