ವಸತಿ ಶಾಲೆಯ ಮೊಬೈಲ್ ಮತ್ತು ಪೋಕ್ಸೊ ಕಾಯ್ದೆ: 12ನೇ ಕಲಮೋ, 14ನೇ ಕಲಮೋ?

ಆರೋಪಿ ಶಿಕ್ಷಕನಾಗಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆ ತಾನಾಗಿಯೇ ಏರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮೈಮುಟ್ಟಿ ಎಸಗಿದ ಅಪರಾಧಗಳ ಮಟ್ಟಿಗೆ ಅದು ಸರಿ. 5 ಮತ್ತು 9ನೇ ಕಲಂಗಳ ‘ಎಫ್’ ಖಂಡ ಶಿಕ್ಷಣ ಸಂಸ್ಥೆಯ ಸಿಬ್ಬಂದಿಯನ್ನು ಹೆಸರಿಸಿಯೇ ಹೇಳುತ್ತದೆ. ‘ಪಿ’ ಖಂಡ ಮಗುವಿನ ನಂಬಿಕೆ ಅಥವಾ ಅಧಿಕಾರದ ಸ್ಥಾನದಲ್ಲಿರುವವನು ಅಪರಾಧವನ್ನು ಎಲ್ಲೇ ಎಸಗಿದರೂ ಹಿಡಿಯುತ್ತದೆ. 2019ರ ತಿದ್ದುಪಡಿಯ ನಂತರ, 5ನೇ ಕಲಮಿನ ಅಪರಾಧಕ್ಕೆ 6ನೇ ಕಲಂ ವಿಧಿಸುವ ಕನಿಷ್ಠ ಶಿಕ್ಷೆ 20 ವರ್ಷ, ಗರಿಷ್ಠ ಮರಣದಂಡನೆ. ಆದರೆ ಮೊಬೈಲು, ಚಿತ್ರ, ಸಂದೇಶಗಳಿಗೆ ಸಂಬಂಧಿಸಿದ 11ರಿಂದ 15ರವರೆಗಿನ ಕಲಂಗಳಲ್ಲಿ ಇಂಥ ಖಂಡವಿಲ್ಲ. ಅಲ್ಲಿ ಶಿಕ್ಷಕನೂ ಅಪರಿಚಿತನೂ ಒಂದೇ. ಹಾಗಾಗಿ ಠಾಣೆಯಲ್ಲಿ ಯಾವ ಕಲಂ ಹಾಕುತ್ತಾರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಮಕ್ಕಳ ಅಶ್ಲೀಲ ದೃಶ್ಯಗಳನ್ನು ಇಟ್ಟುಕೊಳ್ಳುವುದು, ನೋಡುವುದು ಅಪರಾಧವೇ ಎಂಬ ವಿವಾದ ಬಹುಮಟ್ಟಿಗೆ ಮುಗಿದಿದೆ. ನೋಡಿದ ಮಾತ್ರಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅನ್ವಯಿಸದು ಎಂದು 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ನೀಡಿದ ಆದೇಶವನ್ನು ಅದೇ ಪೀಠ ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ಇಂಥದ್ದೇ ಆದೇಶವನ್ನು ರದ್ದುಗೊಳಿಸಿ, ಇಂಥ ದೃಶ್ಯಗಳನ್ನು ಇಟ್ಟುಕೊಳ್ಳುವುದರ ಬಗೆಗಿನ ಪೋಕ್ಸೊ 15ನೇ ಕಲಮಿನ ಮೂರು ಉಪಕಲಂಗಳೂ ಪ್ರತ್ಯೇಕ ಅಪರಾಧಗಳೆಂದು ಹೇಳಿತು.

ಮುಗಿಯದ ಪ್ರಶ್ನೆ ಬೇರೆ. ಕೋಲಾರ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರ ಚಿತ್ರಕಲಾ ಶಿಕ್ಷಕ ವಿದ್ಯಾರ್ಥಿನಿಯರು ಬಟ್ಟೆ ಬದಲಿಸುವುದನ್ನು ಚಿತ್ರೀಕರಿಸಿದನೆಂಬ ಆರೋಪ 2023ರ ಡಿಸೆಂಬರಿನಲ್ಲಿ ಹೊರಬಂತು. ಪ್ರಕರಣ ರದ್ದುಪಡಿಸಲು 2024ರಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ನಿರಾಕರಿಸಿತು. ಆದೇಶ ಸರಿಯಾದುದೇ. ಆದರೆ ವಾದ ನಡೆದದ್ದು 11 ಮತ್ತು 12ನೇ ಕಲಂಗಳ ಸುತ್ತ, ಅಂದರೆ ಲೈಂಗಿಕ ಕಿರುಕುಳದ ಸುತ್ತ. ಅದಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಇಂಥ ಸಂಗತಿಗಳಿಗೆ 13ನೇ ಕಲಂ ಹೊಂದುತ್ತದೆ, ಶಿಕ್ಷೆ 14ರ ಪ್ರಕಾರ ಕನಿಷ್ಠ 5 ವರ್ಷವಾಗಬೇಕು ಎಂಬುದು ನನ್ನ ವಾದ. ಆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದು ವಿಚಾರಣೆಗೆ ಬಿಟ್ಟದ್ದು. ಇಲ್ಲಿರುವುದು ಕಲಮಿನ ಪ್ರಶ್ನೆ ಮಾತ್ರ.

ಲೈಂಗಿಕ ತೃಪ್ತಿಗಾಗಿ ಮಗುವನ್ನು ಯಾವುದೇ ಮಾಧ್ಯಮದಲ್ಲಿ ಬಳಸುವುದನ್ನು 13ನೇ ಕಲಂ ಅಪರಾಧವಾಗಿಸಿದೆ. ಅಶ್ಲೀಲ ಚಿತ್ರಣವೂ ಅದರಲ್ಲಿ ಸೇರುತ್ತದೆ. ಕಲಮಿನ ವಿವರಣೆಯಲ್ಲಿ ‘ಸಿದ್ಧತೆ’, ‘ತಯಾರಿಕೆ’ ಎರಡೂ ಇವೆ. ಹಂಚಿರಲೇಬೇಕೆಂಬ ಷರತ್ತು ಇಲ್ಲ. ಸ್ವಂತಕ್ಕೆ ಇಟ್ಟುಕೊಂಡರೂ ಕಲಂ ತಗಲುತ್ತದೆ ಎಂದು ಅದರಲ್ಲೇ ಬರೆದಿದೆ. ಎದುರು ವಾದ ದುರ್ಬಲವಲ್ಲ. ‘ಬಳಸುವುದು’ ಎಂದರೆ ಮಗುವನ್ನು ತೊಡಗಿಸುವುದು. ಕದ್ದು ತೆಗೆದ ಚಿತ್ರದಲ್ಲಿ ಮಗುವಿಗೆ ಸುಳಿವೇ ಇಲ್ಲದಿರುವಾಗ ತೊಡಗಿದ್ದೆಲ್ಲಿ ಎಂದು ಆರೋಪಿ ಪರ ವಕೀಲರು ಕೇಳಬಹುದು. ದಂಡನೆಯ ಕಾನೂನನ್ನು ಹಿಗ್ಗಿಸಿ ಓದಬಾರದೆಂಬ ತತ್ವವೂ ಅವರ ಬೆನ್ನಿಗಿದೆ. ಆದರೆ ಮಗುವಿನ ಒಪ್ಪಿಗೆಗೇ ಬೆಲೆ ಕೊಡದ ಕಾಯ್ದೆಯಲ್ಲಿ ಮಗುವಿನ ಅರಿವಿಲ್ಲದಿರುವುದು ಆರೋಪಿಗೆ ರಕ್ಷಣೆಯಾಗುವುದು ವಿಚಿತ್ರ. ಹೇಳಿ ತೆಗೆದರೆ 5 ವರ್ಷ, ಕದ್ದು ತೆಗೆದರೆ ಹೆಚ್ಚೆಂದರೆ 3 ವರ್ಷ ಎಂಬ ಓದನ್ನು ಶಾಸಕಾಂಗ ಬಯಸಿರಲಾರದು.

ಈ ವಾದಕ್ಕೂ ಮಿತಿಗಳಿವೆ. ಸ್ನಾನಗೃಹದ ಪ್ರತಿಯೊಂದು ದೃಶ್ಯವೂ ‘ಅಶ್ಲೀಲ ಚಿತ್ರಣ’ವಾಗದು, ಚೌಕಟ್ಟು, ಸಂಖ್ಯೆ, ಪುನರಾವರ್ತನೆ ನೋಡಬೇಕು. ಉದ್ದೇಶವನ್ನು 30ನೇ ಕಲಂ ಪೂರ್ವಭಾವಿಯಾಗಿ ಊಹಿಸಿದರೂ ಅದನ್ನು ಅಲ್ಲಗಳೆಯುವ ಅವಕಾಶ ಆರೋಪಿಗಿದೆ. ಈ ವಾದವನ್ನು ಒಪ್ಪದವರಿಗೂ 42ನೇ ಕಲಂ ಉಳಿಯುತ್ತದೆ: ಒಂದೇ ಕೃತ್ಯ 67ಬಿಗೂ ಸೇರಿದರೆ ಹೆಚ್ಚಿನ ಶಿಕ್ಷೆಯೇ ಅನ್ವಯ, ಅಂದರೆ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಇದು ಬರೀ ಶಾಸ್ತ್ರಚರ್ಚೆಯಲ್ಲ. ಜೋಯಿಡಾದ ಕುಣಬಿ, ಹಳಿಯಾಳದ ಸಿದ್ದಿ ಮಕ್ಕಳಲ್ಲಿ ಅನೇಕರಿಗೆ ಓದೆಂದರೆ ಕಾಡೊಳಗಿನ ಮನೆ ಬಿಟ್ಟು ಹಾಸ್ಟೆಲ್ ಸೇರುವುದು. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಶಾಲೆಗಳೂ ಇವೆ, ಮಠಗಳೂ ಇವೆ. ‘ಎಫ್’ ಖಂಡ ಎರಡನ್ನೂ ಹೆಸರಿಸುತ್ತದೆ. ಜಿಲ್ಲಾ ಕೇಂದ್ರವಾದ ಕಾರವಾರ ಘಟ್ಟದ ಕೆಳಗಿದೆ. ಹಾಗಾಗಿ ಮೊದಲ ದೂರು ಬರೆಯುವವರು ಊರಿನ ಠಾಣೆಯವರೇ. ಅದಕ್ಕೂ ಮೊದಲು ವಿಷಯ ತಿಳಿಯುವುದು ವಾರ್ಡನ್‌ಗೆ, ಮುಖ್ಯೋಪಾಧ್ಯಾಯರಿಗೆ. ತಮ್ಮ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆ ಇದೆ. ‘ಶಾಲೆಯ ಹೆಸರು ಕೆಡುತ್ತದೆ’ ಎಂಬುದು ಅಲ್ಲಿ ನಡೆಯುವ ಸಮಜಾಯಿಷಿಯಲ್ಲ.

ಕಲಮಿನ ಆಯ್ಕೆಗೆ ಇನ್ನೊಂದು ಪರಿಣಾಮವಿದೆ. ಅದನ್ನು ಇಲ್ಲಿ ಎತ್ತಿಡಬಹುದೇ ಹೊರತು ಬಗೆಹರಿಸಲಾಗದು. ಗರಿಷ್ಠ 3 ವರ್ಷ ಶಿಕ್ಷೆಯ ಅಪರಾಧಗಳನ್ನು ವಿಚಾರಣೆಗೆ ಎತ್ತಿಕೊಳ್ಳಲು ಅಪರಾಧ ಪ್ರಕ್ರಿಯಾ ಸಂಹಿತೆಯ 468ನೇ ಕಲಂ 3 ವರ್ಷಗಳ ಕಾಲಮಿತಿ ಹಾಕಿತ್ತು; ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮೂ ಅದನ್ನೇ ಹೇಳುತ್ತದೆ. ಪೋಕ್ಸೊ ದೂರಿಗೆ ಕಾಲಮಿತಿ ಇಲ್ಲವೆಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೇಳಿದ್ದುಂಟು. ದೂರು ಕೊಡುವುದು ಬೇರೆ, ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವುದು ಬೇರೆ. 14ನೇ ಕಲಮಿಗೆ ಈ ತೊಡಕಿಲ್ಲ. ಏಳನೇ ತರಗತಿಯಲ್ಲಿ ತೆಗೆದ ಚಿತ್ರದ ಬಗ್ಗೆ ಪಿಯುಸಿಯಲ್ಲಿ ಬಾಯಿಬಿಡುವ ಹುಡುಗಿಯ ಪ್ರಕರಣ 12ರಡಿ ದಾಖಲಾದರೆ, ಕಾಲಮಿತಿಯನ್ನು ಚಿತ್ರ ತೆಗೆದ ದಿನದಿಂದ ಎಣಿಸಬೇಕೋ, ಅದು ಪತ್ತೆಯಾದ ದಿನದಿಂದಲೋ?