ಜಾಡು ಓದುವವರು

ಪುಣೆಯಲ್ಲಿ ಕೂತು ಪೇಶ್ವೆಗಳ ರಾಜ್ಯಭಾರ ನಡೆಸಿದ ನಾನಾ ಫಡ್ನವೀಸನ ಪೂರ್ವಿಕರ ಊರು ವೇಳಾಸ. ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲ್ಲೂಕಿನ ಕಡಲೂರು. ಈಗ ಬೇಸಿಗೆ ಕಾಲಿಡುವ ಹೊತ್ತಿಗೆ ಪುಣೆಯಿಂದ ಘಟ್ಟ ಇಳಿದು ಅಲ್ಲಿಗೆ ಹೋಗುವವರು ನಾನಾನನ್ನು ಹುಡುಕಿಕೊಂಡು ಹೋಗುವುದಿಲ್ಲ, ಕಡಲಾಮೆಯ ಮರಿಗಳನ್ನು ನೋಡಲು ಹೋಗುತ್ತಾರೆ.

ತಾಯಿ ಆಮೆ ಕಣ್ಣಿಗೆ ಬೀಳುವುದು ಅಪರೂಪ. ಒಡಿಶಾದ ಗಹೀರಮಾಥಾದಲ್ಲಿ ಆಲಿವ್ ರಿಡ್ಲಿ ಆಮೆಗಳು ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ಕೊಂಕಣದಲ್ಲಿ, ನಮ್ಮ ಹೊನ್ನಾವರ, ಕುಂದಾಪುರದ ಮರಳಿನಲ್ಲಿ ಒಂದೊಂದಾಗಿ ಬರುತ್ತವೆ. ಕತ್ತಲಲ್ಲಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೋಗಿಬಿಡುತ್ತವೆ. ಬೆಳಿಗ್ಗೆ ಉಳಿದಿರುವುದು ಮರಳಿನ ಮೇಲಿನ ಜಾಡು ಮಾತ್ರ.

ಆ ಜಾಡು ಓದಬಲ್ಲವರು ಕಡಲೂರುಗಳಲ್ಲಿ ಮೊದಲಿನಿಂದಲೂ ಇದ್ದರು. ಮೊಟ್ಟೆ ತೆಗೆಯುವವರು ಅವರು. 1970ರ ದಶಕದ ಆರಂಭದಲ್ಲಿ ಮದರಾಸಿನಲ್ಲಿ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ರಾತ್ರಿ ತೀರದುದ್ದಕ್ಕೂ ನಡೆಯತೊಡಗಿದ್ದು ಇಂಥವರಿಗಿಂತ ಮೊದಲು ಗೂಡು ಮುಟ್ಟಲೆಂದೇ. 1988ರಿಂದ ವಿದ್ಯಾರ್ಥಿಗಳ ತಂಡವೊಂದು ಆ ನಡಿಗೆಯನ್ನು ಕೈಗೆತ್ತಿಕೊಂಡಿತು, ಆಸಕ್ತ ಜನರನ್ನೂ ಜೊತೆಗೆ ಕರೆದೊಯ್ದಿತು. ಇವತ್ತಿನ ರಾತ್ರಿ ಪ್ರವಾಸಗಳ ಹಿಂದೆ ಹೀಗೆ ಕಳ್ಳರೊಡನೆ ಓಡಿದ ಓಟವಿದೆ.

ವೇಳಾಸದಲ್ಲಿ ಅದು ಶುರುವಾದದ್ದು ತಡವಾಗಿ. 2002ರಲ್ಲಿ ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಬಿಳಿಹೊಟ್ಟೆಯ ಕಡಲ ಹದ್ದುಗಳನ್ನು ಅಧ್ಯಯನ ಮಾಡುತ್ತ ಬಂದಾಗ ಇಲ್ಲಿನ ಮೊಟ್ಟೆಗಳು ಕಳುವಾಗುತ್ತಿರುವುದು ಗೊತ್ತಾಯಿತು. ಆಮೆಯನ್ನು ಕಾನೂನು ಕಾಯುತ್ತಿತ್ತು, ಮರಳನ್ನು ಕಾಯುವವರಿರಲಿಲ್ಲ. ಭಾವೂ ಕಾಟದರೆ ಮತ್ತು ಸಂಗಡಿಗರು ಊರವರನ್ನೇ ಕಾವಲಿಗೆ ನಿಲ್ಲಿಸಿದರು. ಜಾಡು ಹಿಡಿದು ಮೊಟ್ಟೆ ತೆಗೆಯುವ ವಿದ್ಯೆ ಅದೇ, ಒಯ್ಯುವ ಜಾಗ ಮಾತ್ರ ಬೇರೆ: ಬೇಲಿ ಹಾಕಿದ ಆವರಣದಲ್ಲಿ ಅಷ್ಟೇ ಆಳದ ಗುಂಡಿ ತೋಡಿ ಹುಗಿಯುವುದು. ಸುಮಾರು ಐವತ್ತು ದಿನಕ್ಕೆ ಮರಿ.

2006ರಲ್ಲಿ ಕಾಸವ ಮಹೋತ್ಸವ ಆರಂಭವಾಯಿತು. ಕಾಸವವೆಂದರೆ ಮರಾಠಿಯಲ್ಲಿ ಆಮೆ. ಬಂದವರು ಊರವರ ಮನೆಗಳಲ್ಲೇ ಉಳಿದು, ಅಲ್ಲೇ ಉಣ್ಣುತ್ತಾರೆ. ಬೆಳಿಗ್ಗೆ, ಸಂಜೆ ಬುಟ್ಟಿ ಎತ್ತಿ ನೋಡುತ್ತಾರೆ. ಮರಿಯಿದ್ದರೆ ಕಡಲಿಗೆ ಬಿಡುವುದನ್ನು ನೋಡಬಹುದು. ಇಲ್ಲದಿದ್ದರೆ ಪುಣೆಯಿಂದ ಬಂದದ್ದಕ್ಕೆ ಊಟವೇ ಲಾಭ. ದುಡ್ಡು ಹೋಟೆಲಿಗೆ ಹೋಗದೆ ಮನೆಗಳಿಗೆ ಬಂದದ್ದರಿಂದಲೇ ಕಾವಲು ಇಷ್ಟು ವರ್ಷ ನಿಂತಿದೆ ಅನ್ನಬೇಕು. ಪ್ರವಾಸಿಗರು ಮಲಗಿದ ಮೇಲೆ ತೀರದಲ್ಲಿ ನಡೆಯುವವರು ಈಗಲೂ ಆ ಊರವರೇ.

ಇಂಥ ಕಾವಲು ಈಗ ಜಿಲ್ಲೆಯ ಬೇರೆ ತೀರಗಳಲ್ಲೂ ಇದೆ. 2025ರ ಜನವರಿಯಲ್ಲಿ ದಕ್ಷಿಣದ ಗುಹಾಗರದಲ್ಲಿ ಮೊಟ್ಟೆಯಿಡಲು ಬಂದ ಆಮೆಯೊಂದರ ಕಾಲಿನಲ್ಲಿ ಲೋಹದ ಬಿಲ್ಲೆಯಿತ್ತು, ಸಂಖ್ಯೆ 03233. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯವರು 2021ರಲ್ಲಿ ಒಡಿಶಾದಲ್ಲಿ ತೊಡಿಸಿದ್ದು. ಪೂರ್ವದ ಆಮೆಗಳು ಬೇರೆ, ಪಶ್ಚಿಮದವು ಬೇರೆ ಎಂದುಕೊಂಡಿದ್ದವರು ಮತ್ತೆ ಯೋಚಿಸಬೇಕಾಯಿತು. ಶ್ರೀಲಂಕಾ ಸುತ್ತಿ ಬಂತೋ, ಪಾಂಬನ್ ಸಂದಿಯಲ್ಲಿ ನುಸುಳಿತೋ, ಬಿಲ್ಲೆ ಅದನ್ನು ಹೇಳುವುದಿಲ್ಲ.